ಮೂರನೇ ಸ್ಕ್ರೀನಿನ ಕರಿ

ಕೆಂಪರಾಜನಿಗೆ ಕೈ ಹಿಡಿದು ಕೆಲಸ ಕಲಿಸಿದವರು ಅಹ್ಮದ್ ಪಾಷಾ. ಶಿವಾಜಿನಗರದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯೊಂದರಲ್ಲಿ, ತಗಡಿನ ಮಾಡಿನ ಕೆಳಗೆ ಉದ್ದನೆಯ ಮೇಜು ಹಾಕಿಕೊಂಡು ಅವರು ಬನಿಯನ್ನು, ಟೀ ಶರ್ಟುಗಳ ಮೇಲೆ ಪ್ರಿಂಟ್ ಮಾಡುತ್ತಿದ್ದರು. ಚುನಾವಣೆ ಬಂದರೆ ಪಕ್ಷದ ಗುರುತು, ಜೂನ್ ಬಂದರೆ ಶಾಲೆಯ ಲಾಂಛನ, ಉಳಿದ ದಿನಗಳಲ್ಲಿ ಗಲ್ಲಿ ಕ್ರಿಕೆಟ್ ತಂಡಗಳ ಹೆಸರು. ತೊಂಬತ್ತೊಂದರಲ್ಲಿ ಬಾಣಸವಾಡಿಯಿಂದ ಸೈಕಲ್ ತುಳಿದುಕೊಂಡು ಅಲ್ಲಿಗೆ ಹೋದಾಗ ಕೆಂಪರಾಜನಿಗೆ ಇಪ್ಪತ್ತೆರಡು ತುಂಬಿತ್ತು. ಅವನ ಅಪ್ಪ ದೊಡ್ಡಮುನಿಯಪ್ಪ ಹೂಕೋಸು ಬೆಳೆಯುತ್ತಿದ್ದ ಹೊಲ ಅಷ್ಟರಲ್ಲಾಗಲೇ ಬಡಾವಣೆಯಾಗಿತ್ತು. ಅಣ್ಣತಮ್ಮಂದಿರ ಪಾಲು ಹೋಗಿ ಉಳಿದದ್ದು ಸಾಲಾಗಿ ಕಟ್ಟಿದ ಮೂರು ಬಾಡಿಗೆ ಮನೆಗಳು. ಬಾಡಿಗೆ ನಂಬಿಕೊಂಡು ಮನೆಯಲ್ಲಿ ಕೂರುವುದು ಕೆಂಪರಾಜನಿಗೆ ಒಗ್ಗಲಿಲ್ಲ. ಕೈಗೊಂದು ಕೆಲಸ ಬೇಕು ಅನ್ನಿಸಿ ಬಂದಿದ್ದ.

ಪಾಷಾ ಅವರು ಹೆಚ್ಚು ಮಾತಾಡುವವರಲ್ಲ. ತಪ್ಪು ಮಾಡಿದರೆ ಬೈಯುತ್ತಲೂ ಇರಲಿಲ್ಲ. ಕೆಟ್ಟ ಬಟ್ಟೆಯನ್ನು ಅವನ ಮುಂದೆ ಹರಡಿ, ಎಲ್ಲಿ ಕೆಟ್ಟಿತು ಅಂತ ಅವನ ಬಾಯಲ್ಲೇ ಹೇಳಿಸುತ್ತಿದ್ದರು. ಅವನು ಒಂದು ಸಲ ಕಾಮಾಲೆ ಬಂದು ಮೂರು ವಾರ ಮಲಗಿದಾಗ, ಕೆಲಸ ಮುಗಿಸಿ ದಿನಾ ಸಂಜೆ ಬಾಣಸವಾಡಿಗೆ ಬಸ್ಸು ಹತ್ತಿ ಬಂದು, ಐಸ್ ಹಾಕಿಸದ ಕಬ್ಬಿನ ಹಾಲನ್ನು ಸ್ಟೀಲ್ ಕ್ಯಾನಿನಲ್ಲಿ ಕೊಟ್ಟು ಹೋಗುತ್ತಿದ್ದರು. ಕೆಂಪರಾಜನ ತಾಯಿ ಆಂಜನಮ್ಮ ಅವರಿಗೆ ಕಾಫಿ ಕುಡಿಸದೆ ಕಳಿಸುತ್ತಿರಲಿಲ್ಲ.

ತೊಂಬತ್ತನಾಲ್ಕರಲ್ಲಿ ಅನಂತರಾಮು ಎನ್ನುವವರು ಸರ್ಕಾರಿ ಕಾರ್ಖಾನೆಯ ಕೆಲಸದಿಂದ ಸ್ವಯಂನಿವೃತ್ತಿ ತೆಗೆದುಕೊಂಡು, ಕೃಷ್ಣರಾಜಪುರದಲ್ಲಿ ಹಳೇ ಮದ್ರಾಸ್ ರಸ್ತೆಗೆ ಸ್ವಲ್ಪ ಒಳಗೆ ಒಂದು ಶೆಡ್ಡು ಹಾಕಿದರು. ಗಾರ್ಮೆಂಟ್ಸ್ ಕಾರ್ಖಾನೆಗಳಿಂದ ವಿದೇಶಕ್ಕೆ ಹೋಗುವ ಮಕ್ಕಳ ಅಂಗಿಗಳಿಗೆ ಅಲ್ಲಿ ಪ್ರಿಂಟ್ ಹಾಕಬೇಕಿತ್ತು. ಪಾಷಾ ಅವರನ್ನು ಮಾಸ್ಟರ್ ಆಗಿ ಕರೆದರು. ಇವನೂ ಬರುವುದಾದರೆ ಬರುತ್ತೇನೆ ಎಂದು ಪಾಷಾ ಕೆಂಪರಾಜನನ್ನು ತೋರಿಸಿದರು. ಹಾಗೆ ಶಿವಾಜಿನಗರದ ಮೇಜು ಮಾರಿ ಇಬ್ಬರೂ ಹೊರಟರು.

ಅಲ್ಲಿದ್ದದ್ದು ನಾಲ್ಕು ತೋಳಿನ ತಿರುಗುವ ಯಂತ್ರ. ಕೆಲಸದವರೆಲ್ಲ ಅದನ್ನು ಚಕ್ರ ಅನ್ನುತ್ತಿದ್ದರು. ಒಂದೊಂದು ತೋಳಿಗೆ ಒಂದೊಂದು ಬಣ್ಣದ ಸ್ಕ್ರೀನು, ಅಂದರೆ ಇಂಕು ಇಳಿಯುವ ಜಾಲರಿ ಬಟ್ಟೆ ಬಿಗಿದ ಚೌಕಟ್ಟು. ಅಂಗಿ ಒಂದರ ಕೆಳಗಿಂದ ಇನ್ನೊಂದರ ಕೆಳಗೆ ಹೋಗುತ್ತದೆ. ಇಂಕೂ ಹೊಸದು, ಪ್ಲಾಸ್ಟಿಸಾಲ್. ಶಿವಾಜಿನಗರದ ನೀರಿನ ಇಂಕು ಗಾಳಿಗೇ ಒಣಗುತ್ತಿತ್ತು. ಇದು ಬಿಸಿ ಒಲೆಯೊಳಗೆ ಹೋಗಿ ಬರುವ ತನಕ ಒಣಗುವುದೇ ಇಲ್ಲ, ತುಪ್ಪದ ಹಾಗೆ ಹಸಿಯಾಗಿಯೇ ಕೂತಿರುತ್ತದೆ. ಹಸಿಯ ಮೇಲೇ ಎರಡನೇ ಬಣ್ಣ, ಅದರ ಮೇಲೆ ಮೂರನೆಯದು ಬೀಳಬೇಕು. ಆಗ ಮೊದಲ ಬಣ್ಣ ಮುಂದಿನ ಸ್ಕ್ರೀನಿನ ತಳಕ್ಕೆ ಮೆತ್ತಿಕೊಳ್ಳುತ್ತದೆ. ಒಂದು ಅಂಗಿಗೆ ಗೊತ್ತಾಗುವುದಿಲ್ಲ. ಐವತ್ತು ಅಂಗಿ ಆಗುವಷ್ಟರಲ್ಲಿ ತಳದಲ್ಲಿ ದಪ್ಪನೆ ಪದರ ಕಟ್ಟಿ, ಮುಂದಿನ ಅಂಗಿಗಳ ಮೇಲೆಲ್ಲ ಕಲೆಯಾಗಿ ಇಳಿಯುತ್ತದೆ. ಹಳದಿಯಾದರೆ ಕಣ್ಣಿಗೆ ಬೀಳುವುದಿಲ್ಲ. ಕರಿ ಮಾತ್ರ ಅಡಗುವುದೇ ಇಲ್ಲ.

ಶೆಡ್ಡಿನ ಮೊದಲ ಮೂರು ತಿಂಗಳು ಈ ಕರಿಯ ಜೊತೆ ಗುದ್ದಾಡಿದ್ದೇ ಆಯಿತು. ಕೊನೆಗೆ ಪಾಷಾ ಅದನ್ನು ಹಿಡಿತಕ್ಕೆ ತಂದರು. ಸಾಧ್ಯವಿದ್ದ ಕಡೆಯೆಲ್ಲ ಕರಿಯನ್ನು ಕೊನೆಗೆ ಇಟ್ಟರು. ವಿನ್ಯಾಸದಲ್ಲಿ ಕರಿಯ ಮೇಲೆ ಬೇರೆ ಬಣ್ಣ ಬರಲೇಬೇಕಾದಾಗ, ಕರಿಯ ಸ್ಕ್ರೀನಿಗೆ ಎಲ್ಲಕ್ಕಿಂತ ನವಿರಾದ ಜಾಲರಿ ಬಟ್ಟೆ ಬಿಗಿದರು. ಇಂಕು ಎಳೆಯುವ ರಬ್ಬರಿನ ಅಂಚನ್ನು ತಾವೇ ಬೆಳಿಗ್ಗೆ ಬೆಳಿಗ್ಗೆ ಉಜ್ಜಿ ಹರಿತ ಮಾಡುತ್ತಿದ್ದರು. ಒಂದೇ ಎಳೆತ, ಎರಡನೆಯದು ಕೂಡದು. ಹತ್ತು ಅಂಗಿಗೆ ಒಂದು ಸಲ ಮುಂದಿನ ಸ್ಕ್ರೀನಿನ ತಳವನ್ನು ಒಣ ಬಟ್ಟೆಯಲ್ಲಿ ಒತ್ತಿ ಒರೆಸಬೇಕು.

"ಕರಿ ಕಮ್ಮಿ ಕೊಟ್ರೂ ಕರೀನೇ ಕಾಣ್ಸುತ್ತೆ ಕೆಂಪರಾಜ್. ಬಟ್ಟೆ ಒಳಗೆ ಇಳೀಬೇಕು ಅದು, ಮೇಲೆ ನಿಲ್ಬಾರ್ದು. ಮೇಲೆ ನಿಂತಿದ್ದೇ ಎದ್ದು ಬರೋದು" ಅನ್ನುತ್ತಿದ್ದರು.

ಕರಿ ಬಿದ್ದ ಮೇಲೆ ಅದನ್ನು ಅಲ್ಲಲ್ಲೇ ಒಣಗಿಸುವ ಬಿಸಿ ದೀಪ ತರಿಸೋಣವೇ ಎಂದು ಅನಂತರಾಮು ಕೇಳಿದ್ದುಂಟು. ಒಂದೊಂದು ಅಂಗಿಗೂ ಅಷ್ಟು ಹೊತ್ತು ಚಕ್ರ ನಿಲ್ಲಿಸಬೇಕಾಗುತ್ತದೆ, ನನ್ನ ಕೈಗೆ ಅದು ಬೇಡ ಎಂದರು ಪಾಷಾ. ಅವರು ಹೆಮ್ಮೆಯಿಂದ ಹೇಳಿದ ಮಾತು ಅಂತ ಕೆಂಪರಾಜ ಕೇಳಿದ್ದು ಅದೊಂದೇ. ನಾಲ್ಕು ವರ್ಷ ಆ ಮಾತು ನಿಂತಿತು.

ತೊಂಬತ್ತೆಂಟರ ಫೆಬ್ರವರಿಯಲ್ಲಿ ಪೆಂಗ್ವಿನ್ ಹಕ್ಕಿಯ ಆರ್ಡರ್ ಬಂತು. ಬಿಳಿ ಅಂಗಿ. ಹಳದಿ ಕೊಕ್ಕು, ಕೆಂಪು ಮಫ್ಲರ್, ಮೂರನೆಯದಾಗಿ ಕರಿ ಮೈ, ಆ ಕರಿಯ ಮೇಲೆ ಕೊನೆಗೆ ತಿಳಿನೀಲಿಯ ಹಿಮದ ಚುಕ್ಕಿಗಳು. ಹಕ್ಕಿಯ ಹೊಟ್ಟೆಗೆ ಬಣ್ಣವೇ ಇಲ್ಲ, ಅಂಗಿಯ ಬಿಳಿಯೇ ಹೊಟ್ಟೆಯ ಬಿಳಿ. ಸ್ಯಾಂಪಲ್ಲಿಗೆ ಮಾಡಿಸಿದ ಕರಿಯ ಸ್ಕ್ರೀನಿನ ಜಾಲರಿ ಒರಟಾಗಿತ್ತು. ಕರಿ ಜಾಸ್ತಿ ಇಳಿಯುತ್ತದೆ ಎಂದು ಪಾಷಾ ಅದನ್ನು ಮೂಲೆಗಿಟ್ಟು ನವಿರಾದದ್ದು ಮಾಡಿಸಿದರು. ಎರಡು ದಿನ ಕೆಲಸ ಸಲೀಸಾಗಿ ನಡೆಯಿತು.

ಮೂರನೇ ದಿನ ಶುಕ್ರವಾರ. ಪಾಷಾ ಮಧ್ಯಾಹ್ನದ ನಮಾಜಿಗೆ ಹೊರಟರು. ಚಕ್ರದ ಬಳಿ ಉಳಿದವರು ಕೆಂಪರಾಜ ಮತ್ತು ಅಂಗಿಗಳನ್ನು ತೆಗೆದು ಒಲೆಯ ಬೆಲ್ಟಿಗೆ ಹಾಕುತ್ತಿದ್ದ ಸಾಬಮ್ಮ. ಯಾದಗಿರಿ ಕಡೆಯಿಂದ ಗಂಡನ ಜೊತೆ ಬಂದು, ರೈಲ್ವೆ ಹಳಿಯ ಪಕ್ಕದ ಶೆಡ್ಡಿನಲ್ಲಿ ಸಂಸಾರ ಹೂಡಿದ್ದ ಹೆಣ್ಣುಮಗಳು. ಕರಿಯ ಸ್ಕ್ರೀನಿಗೆ ನೂಲಿನ ಎಳೆಯೊಂದು ಸಿಕ್ಕಿಕೊಂಡಿದ್ದನ್ನು ಕಂಡು ಕೆಂಪರಾಜ ಬ್ಲೇಡಿನ ಮೊನೆಯಿಂದ ಅದನ್ನು ಎಬ್ಬಿಸಲು ಹೋದ. ಬ್ಲೇಡು ಜಾರಿತು. ಜಾಲರಿ ಎರಡು ಬೆರಳಿನಷ್ಟು ಸೀಳಿತು.

ಹಿಂದಿನ ವಾರವಷ್ಟೇ ಅನಂತರಾಮು ಅವನನ್ನು ಕರೆದು, ಎರಡನೇ ಶೆಡ್ಡು ಶುರುವಾದರೆ ನೀನೇ ಮಾಸ್ಟರ್ ಎಂದು ಹೇಳಿದ್ದರು. ಮನೆಯಲ್ಲಿ ಮಗಳು ಶ್ವೇತ ಹುಟ್ಟಿ ಎರಡು ತಿಂಗಳು. ಒಂದೂವರೆ ಗಂಟೆ ಚಕ್ರ ನಿಲ್ಲಿಸಿ ಕೂತಿದ್ದರೆ ಪಾಷಾ ಬಂದು ಏನಾದರೂ ಮಾಡುತ್ತಿದ್ದರು. ಅಷ್ಟು ತಾಳ್ಮೆ ಅವತ್ತು ಅವನಿಗೆ ಬರಲಿಲ್ಲ. ಮೂಲೆಯಲ್ಲಿದ್ದ ಒರಟು ಜಾಲರಿಯ ಸ್ಕ್ರೀನು ತಂದು ಕೂರಿಸಿದ. ಕಳೆದುಹೋದ ಹೊತ್ತನ್ನು ತುಂಬಿಕೊಳ್ಳಲು ತಳ ಒರೆಸುವುದನ್ನೂ ಬಿಟ್ಟ. ಇನ್ನೂರು ಅಂಗಿ ದಾಟಿರಬೇಕು, ಸಾಬಮ್ಮ ಮೆಲ್ಲಗೆ, "ಅಣ್ಣಾ, ಹಕ್ಕಿ ಹೊಟ್ಟಿ ಕರ್ರಗ ಆಗ್ಲಾಕತ್ತದ್ರಿ" ಅಂದಳು. ಬೆಳಕಿಗೆ ಹಾಗೆ ಕಾಣುತ್ತದೆ ಎಂದು ಹೇಳಿ ಅವನು ಇನ್ನೂ ಇಪ್ಪತ್ತು ಅಂಗಿ ಎಳೆದ. ಆಮೇಲೆ ಒಂದನ್ನು ಕಿಟಕಿಯ ಬಳಿ ಒಯ್ದು ಹಿಡಿದ. ಹೊಟ್ಟೆಯ ಸುತ್ತ ಒದ್ದೆ ಬೂದಿ ಸವರಿದ ಹಾಗಿತ್ತು. ಒಂದಕ್ಕಿಂತ ಒಂದು ಕೂದಲೆಳೆಯಷ್ಟೇ ಕಪ್ಪಾಗುತ್ತ ಬಂದಿದ್ದರಿಂದ ಅವನ ಕಣ್ಣಿಗೆ ಅದು ಬಿದ್ದಿರಲೇ ಇಲ್ಲ.

ಒರಟು ಸ್ಕ್ರೀನನ್ನು ಸೀಮೆಎಣ್ಣೆಯಲ್ಲಿ ತೊಳೆದು ಮತ್ತೆ ಮೂಲೆಗಿಟ್ಟ. ಸೀಳಿದ ಸ್ಕ್ರೀನನ್ನು ಕೈಗೆತ್ತಿಕೊಂಡು ನಿಧಾನವಾಗಿ ನೋಡಿದಾಗ, ಸೀಳು ಬಿದ್ದಿದ್ದು ಚಿತ್ರದಿಂದ ಆಚೆ, ಚೌಕಟ್ಟಿನ ಪಕ್ಕದ ಖಾಲಿ ಜಾಗದಲ್ಲಿ ಎಂದು ತಿಳಿಯಿತು. ಒಂದು ತುಂಡು ಟೇಪು ಅಂಟಿಸಿದ್ದರೆ ಸಾಕಾಗುತ್ತಿತ್ತು. ಈಗ ಅಂಟಿಸಿದ. ನೀಲಿ ಸ್ಕ್ರೀನಿನ ತಳ ಒರೆಸಿದ. ಪಾಷಾ ನಮಾಜು ಮುಗಿಸಿ ಬರುವ ಹೊತ್ತಿಗೆ ಎಲ್ಲ ಮೊದಲಿನ ಹಾಗೇ ಇತ್ತು. ಕೆಟ್ಟ ಅಂಗಿಗಳು ಮಾತ್ರ ಒಲೆ ದಾಟಿ, ಒಳ್ಳೆಯವುಗಳ ಜೊತೆ ಬೆರೆತು, ಪೆಟ್ಟಿಗೆ ಸೇರಿದ್ದವು.

ಸೋಮವಾರ ಖರೀದಿದಾರರ ಕಡೆಯ ತಪಾಸಣೆಯವನು ಐದು ಪೆಟ್ಟಿಗೆ ಬಿಚ್ಚಿಸಿದ. ಮೂರರಲ್ಲಿ ಕಪ್ಪು ಹೊಟ್ಟೆಯ ಹಕ್ಕಿಗಳು ಸಿಕ್ಕವು. ಇಡೀ ಮಾಲು ವಾಪಸ್ಸಾಯಿತು. ಅನಂತರಾಮು ಆಫೀಸಿನ ಮೇಜಿನ ಮೇಲೆ ಹತ್ತು ಅಂಗಿ ಹರಡಿ ಇಬ್ಬರನ್ನೂ ಕರೆಸಿದರು. ಪಾಷಾ ಒಂದೊಂದನ್ನೇ ಎತ್ತಿ ನೋಡಿದರು, ಬೆರಳಿನಿಂದ ಸವರಿದರು, ತಿರುಗಿಸಿ ಹಿಂಬದಿ ನೋಡಿದರು. ನನ್ನ ಕರಿ ಹೀಗೆ ಏಳುವುದಿಲ್ಲವಲ್ಲ ಎಂದು ತಮಗೆ ತಾವೇ ಹೇಳಿಕೊಂಡರು. ದೀಪ ಬೇಡ ಅಂದವರು ನೀವೇ ತಾನೇ ಎಂದರು ಅನಂತರಾಮು. ಆಮೇಲೆ ಕೆಂಪರಾಜನ ಕಡೆ ತಿರುಗಿದರು.

"ನೀನೂ ಇದ್ಯಲ್ಲ, ಏನಾಯ್ತು ಹೇಳು."

"ಪಾಷಾ ಭಾಯ್ ಹೇಳ್ಕೊಟ್ಟ ಹಾಗೇ ಮಾಡಿದ್ದು ಸಾರ್" ಅಂದ ಕೆಂಪರಾಜ.

ಆ ಮಾತು ಬಾಯಿಂದ ಹೊರಟ ಮೇಲೆ ಅವನು ಪಾಷಾ ಅವರ ಮುಖ ನೋಡಲು ಹೆದರಿದ. ಪಾಷಾ ಮಾತ್ರ ಅವನನ್ನು ನೋಡುತ್ತಲೇ ಇರಲಿಲ್ಲ, ಅವರ ಕಣ್ಣೆಲ್ಲ ಅಂಗಿಯ ಮೇಲಿತ್ತು. ಕೈಯಲ್ಲಿದ್ದುದನ್ನು ಮೇಜಿನ ಮೇಲಿಟ್ಟು ಅವರು, "ಹಂಗಾದ್ರೆ ನಾನು ಹೇಳ್ಕೊಟ್ಟಿದ್ದೇ ತಪ್ಪು" ಎಂದರು. ಕೋಪದಿಂದ ಅಂದದ್ದಲ್ಲ. ಒಂದು ಲೆಕ್ಕ ತಾಳೆಯಾಗದಿದ್ದಾಗ ಮನುಷ್ಯ ಹೇಳುವ ರೀತಿಯಲ್ಲಿ ಹೇಳಿದರು.

ಅವರನ್ನು ಮಾಸ್ಟರ್ ಕೆಲಸದಿಂದ ತೆಗೆದು ಸ್ಕ್ರೀನು ತೊಳೆಯುವ ಕಡೆ ಹಾಕಿದರು. ಒಂದು ವಾರ ತೊಳೆದರು. ಎಂಟನೇ ದಿನ ಬರಲಿಲ್ಲ. ಅವರ ಜಾಗಕ್ಕೆ ಕೆಂಪರಾಜ ಬಂದ. ಅವನು ಮಾಡಿದ್ದು ಪಾಷಾ ಹೇಳಿಕೊಟ್ಟದ್ದನ್ನೇ; ನವಿರಾದ ಜಾಲರಿ, ಒಂದೇ ಎಳೆತ, ಹತ್ತಕ್ಕೊಮ್ಮೆ ಒರೆಸು. ಕರಿ ಏಳಲಿಲ್ಲ. ಕೆಂಪರಾಜನ ಕೈ ಒಳ್ಳೇ ಕೈ ಎಂದು ಅನಂತರಾಮು ಬಂದವರಿಗೆಲ್ಲ ಹೇಳತೊಡಗಿದರು. ಎರಡನೇ ಶೆಡ್ಡೂ ಎದ್ದಿತು.

ಮರುವರ್ಷ ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಪಾಷಾ ಶೆಡ್ಡಿನ ಗೇಟಿನ ಬಳಿ ಬಂದು ನಿಂತಿದ್ದರು. ಬಡಕಲಾಗಿದ್ದರು. ಶಿವಾಜಿನಗರದಲ್ಲೇ ಜಿಯಾವುಲ್ಲಾ ಎಂಬುವರ ಪ್ರೆಸ್ಸಿನಲ್ಲಿ ಮದುವೆ ಕಾಗದಗಳ ಕೆಲಸಕ್ಕಿದ್ದೇನೆ ಎಂದರು. ಮಗು ಹೇಗಿದೆ ಎಂದು ವಿಚಾರಿಸಿದರು. ಒಳಗೆ ಬನ್ನಿ ಅಂದರೆ ಬರಲಿಲ್ಲ. ಅವರು ಬಂದಿದ್ದು ಒಂದು ಮಾತು ಕೇಳಲು.

"ಅವತ್ತು ಕರೀಗೆ ಯಾವ ಜಾಲರಿ ಇತ್ತು? ನಾನು ಹಾಕಿದ್ದೇ ಇತ್ತಾ? ಸ್ವಲ್ಪ ಜ್ಞಾಪಿಸ್ಕೊಂಡು ಹೇಳು."

ಹೇಳಲು ಅದಕ್ಕಿಂತ ಸುಲಭವಾದ ಗಳಿಗೆ ಮತ್ತೆ ಬರುವುದಿಲ್ಲ ಎಂದು ಕೆಂಪರಾಜನಿಗೆ ಅಲ್ಲೇ ಗೊತ್ತಾಯಿತು. ಗೇಟಿನ ಬಳಿ ಬೇರೆ ಯಾರೂ ಇರಲಿಲ್ಲ. ಕೇಳುವವರ ಮುಖದಲ್ಲಿ ಅನುಮಾನವೂ ಇರಲಿಲ್ಲ.

"ನೀವು ಹಾಕಿದ್ದೇ ಇತ್ತು ಭಾಯ್" ಅಂದ.

ಪಾಷಾ ತಲೆಯಾಡಿಸಿದರು. ಅವನ ಹೆಗಲ ಮೇಲೊಮ್ಮೆ ಕೈಯಿಟ್ಟು, ರೈಲ್ವೆ ಸ್ಟೇಷನ್ನಿನ ಕಡೆ ನಡೆದುಹೋದರು. ಅವರನ್ನು ಅವನು ನೋಡಿದ್ದು ಅದೇ ಕೊನೆ.

ಆಮೇಲಿನ ವರ್ಷಗಳಲ್ಲಿ ಕೆಂಪರಾಜ ಎರಡು ಸಲ ಹೇಳಿಬಿಡಬೇಕೆಂದು ಹೊರಟಿದ್ದ. ಒಂದು ರಂಜಾನಿನಲ್ಲಿ ಖರ್ಜೂರದ ಡಬ್ಬಿ ಹಿಡಿದುಕೊಂಡು ಅವರ ಗಲ್ಲಿಯ ಬಾಯಿಯವರೆಗೆ ಹೋಗಿ, ಡಬ್ಬಿಯನ್ನು ಅಲ್ಲಿ ಕೂತಿದ್ದ ಭಿಕ್ಷುಕನಿಗೆ ಕೊಟ್ಟು ವಾಪಸ್ಸು ಬಂದ. ಇನ್ನೊಂದು ಸಲ ಬಸ್ಸಿನಲ್ಲಿ ಹಲಸೂರಿನ ತನಕ ಹೋದವನು ಕೆರೆಯ ಬಳಿಯೇ ಇಳಿದುಬಿಟ್ಟ. ಹೆಂಡತಿ ಮುನಿರತ್ನಗೂ ವಿಷಯ ಗೊತ್ತಿರಲಿಲ್ಲ. ಪಾಷಾ ಭಾಯ್ ಯಾಕೆ ಈಗ ಬರುವುದಿಲ್ಲ ಎಂದು ಆಂಜನಮ್ಮ ಹಬ್ಬ ಹಬ್ಬಕ್ಕೂ ಕೇಳುತ್ತಿದ್ದಳು. ಬೇರೆ ಕಡೆ ಕೆಲಸ ಸಿಕ್ಕಿದೆ ಎಂದು ಅವನು ಹೇಳುತ್ತಿದ್ದ.

ಎರಡು ಸಾವಿರದ ನಾಲ್ಕರಲ್ಲಿ ಜಾಲರಿ ಬಟ್ಟೆ ತರಲೆಂದು ಶಿವಾಜಿನಗರಕ್ಕೆ ಹೋದಾಗ, ಅಂಗಡಿಯ ಮಂಜೂರ್ ಬಟ್ಟೆ ಅಳೆಯುತ್ತಾ, "ನಿಮ್ ಮಾಸ್ಟ್ರು ತೀರ್ಕೊಂಡು ಐದು ತಿಂಗಳಾಯ್ತಲ್ಲ, ಬಂದಿರ್ಲಿಲ್ವಾ ನೀವು?" ಎಂದು ಕೇಳಿದ. ಎದೆ ನೋವು ಅಂದರಂತೆ, ಆಸ್ಪತ್ರೆ ಮುಟ್ಟಲಿಲ್ಲವಂತೆ. ಕೆಂಪರಾಜ ಬಟ್ಟೆಯನ್ನು ಅಂಗಡಿಯಲ್ಲೇ ಬಿಟ್ಟು ಆ ಗಲ್ಲಿಗೆ ನಡೆದ. ಅವರು ಬದುಕಿದ್ದಾಗ ಇಡಲಾಗದ ಹೆಜ್ಜೆಯನ್ನು ಕಾಲು ಅವತ್ತು ತಾನಾಗಿ ಇಟ್ಟಿತು.

ಪಾಷಾ ಅವರ ಹೆಂಡತಿ ಖೈರುನ್ನೀಸಾ ಬಾಗಿಲು ತೆಗೆದರು. ಇಷ್ಟು ವರ್ಷ ಎಲ್ಲಿದ್ದೆ ಎನ್ನಲಿಲ್ಲ. ಬಾ ಕೆಂಪರಾಜ್ ಎಂದು ಒಳಗೆ ಕರೆದು, ಕುರ್ಚಿ ಹಾಕಿ, ನೀರು ತಂದುಕೊಟ್ಟರು. ಒಂದೇ ಕೋಣೆಯ ಮನೆ. ಗೋಡೆಗೆ ಒರಗಿಸಿದ್ದ ಒಂದು ಹಲಗೆಗೆ ಕೀಲು ಹಾಕಿ ಪುಟ್ಟ ಸ್ಕ್ರೀನೊಂದನ್ನು ಜೋಡಿಸಿದ್ದು ಕಾಣಿಸಿತು. ಪಕ್ಕದಲ್ಲಿ ಇನ್ನೂ ಮೂರು.

"ನೀನು ಬಂದ್ರೆ ತೋರಿಸ್ಬೇಕು ಅಂತ ಹೇಳಿದ್ರು" ಎಂದು ಅವರು ಮಂಚದ ಕೆಳಗಿನಿಂದ ಒಂದು ಟ್ರಂಕು ಎಳೆದರು.

ಅದರ ತುಂಬ ಬಟ್ಟೆ ತುಂಡುಗಳು. ಹಳೆ ಬನಿಯನ್ನು, ಹರಿದ ಬೆಡ್‌ಶೀಟು, ಕೋರಾ ಬಟ್ಟೆ. ಪ್ರತಿಯೊಂದರ ಮೇಲೂ ಅಂಗೈಯಗಲದ ಒಂದು ಪೆಂಗ್ವಿನ್ ಹಕ್ಕಿ. ಕೆಲಸ ಮುಗಿಸಿ ಬಂದು ಕೂತು, ಒಂದೊಂದೇ ಅಚ್ಚು ಹಾಕಿ, ಒಲೆಯಿಲ್ಲದ್ದಕ್ಕೆ ಇಸ್ತ್ರಿಪೆಟ್ಟಿಗೆ ಹಿಡಿದು ಒಣಗಿಸುತ್ತಿದ್ದರಂತೆ. ತುಂಡಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಉರ್ದುವಿನಲ್ಲಿ ಬರೆದಿದ್ದನ್ನು ಖೈರುನ್ನೀಸಾ ಓದಿ ಹೇಳಿದರು. ಇದಕ್ಕೆ ಎರಡು ಎಳೆತ. ಇದಕ್ಕೆ ಮೂರು. ಇದಕ್ಕೆ ಮೂವತ್ತು ತುಂಡಿನ ತನಕ ತಳ ಒರೆಸಿಲ್ಲ. ಇದಕ್ಕೆ ರಬ್ಬರಿನ ಅಂಚು ಮೊಂಡು. ಬೇಕೆಂದೇ ಒಂದೊಂದು ತಪ್ಪು ಮಾಡಿ ನೋಡಿದ್ದರು, ಅವತ್ತಿನ ಹಾಗೆ ಯಾವಾಗ ಕೆಡುತ್ತದೆ ಎಂದು ಹುಡುಕಿದ್ದರು. ಕೆಲವು ಹೊಟ್ಟೆಗಳ ಅಂಚಿನಲ್ಲಿ ಸಣ್ಣಗೆ ಬೂದು ಬಣ್ಣ ಇತ್ತು. ಅಷ್ಟೇ. ಉಳಿದವೆಲ್ಲ ಬೆಳ್ಳಗಿದ್ದವು. ಆರು ವರ್ಷದ ಅಚ್ಚುಗಳು, ಎಲ್ಲದಕ್ಕೂ ಒಂದೇ ಬಗೆಯ ನವಿರಾದ ಜಾಲರಿ. ಜಾಲರಿ ಬದಲಾಗಿರಬಹುದು ಎಂಬ ಯೋಚನೆಯನ್ನು ಅವರು ಶೆಡ್ಡಿನ ಗೇಟಿನ ಬಳಿಯೇ ಕೈಬಿಟ್ಟಿದ್ದರು. ಕೆಂಪರಾಜನನ್ನೇ ಕೇಳಿ ಖಚಿತ ಮಾಡಿಕೊಂಡಿದ್ದರಲ್ಲ.

"ಎಷ್ಟು ಕೆಟ್ಟದಾಗಿ ಮಾಡಿದ್ರೂ ಅಷ್ಟು ಕೆಡ್ತಾ ಇಲ್ಲ, ಹಂಗಾದ್ರೆ ನಾನು ಅವತ್ತು ಇನ್ನೇನು ಮಾಡ್ದೆ ಅಂತ ಕೇಳೋರು" ಎಂದರು ಖೈರುನ್ನೀಸಾ. "ಅವ್ನ ಕಣ್ಣು ಒಳ್ಳೇದು, ಕೆಂಪರಾಜ್ ನೋಡಿದ್ರೆ ಹೇಳ್ತಾನೆ ಅನ್ನೋರು. ನೀನೇ ಜೊತೇಲಿದ್ದೆ ಅಲ್ವಾ. ಏನು ತಪ್ಪಾಗಿತ್ತು ಅವ್ರಿಂದ?"

ಕೆಂಪರಾಜ ಕುರ್ಚಿಯಿಂದ ಇಳಿದು ನೆಲದ ಮೇಲೆ ಕೂತ. ಬ್ಲೇಡು ಜಾರಿದ್ದು, ಒರಟು ಜಾಲರಿ ಹಾಕಿದ್ದು, ಸಾಬಮ್ಮ ಹೇಳಿದ್ದು, ಆಫೀಸಿನಲ್ಲಿ ಆಡಿದ ಮಾತು, ಗೇಟಿನ ಬಳಿ ಆಡಿದ ಮಾತು, ಒಂದನ್ನೂ ಬಿಡದೆ ಹೇಳಿದ.

ಖೈರುನ್ನೀಸಾ ಬಿಚ್ಚಿದ್ದ ತುಂಡುಗಳನ್ನು ಒಂದೊಂದಾಗಿ ಮಡಿಸಿ ಟ್ರಂಕಿಗೆ ಹಾಕಿದರು.

"ಆರು ವರ್ಷ" ಎಂದರು. "ಬಸ್ಸಲ್ಲಿ ಮುಕ್ಕಾಲು ಗಂಟೆ ದಾರಿ."

ಟ್ರಂಕನ್ನು ಮತ್ತೆ ಮಂಚದ ಕೆಳಗೆ ತಳ್ಳಿದರು.

"ನಂಗೆ ಹೇಳಿ ಏನು ಪ್ರಯೋಜನ? ಅವರ ಕೆಲಸ ಕೆಟ್ಟದು ಅಂತ ಯಾರ ಮುಂದೆ ಹೇಳಿದ್ರೋ, ಅವ್ರ ಮುಂದೆ ಹೋಗಿ ಹೇಳಿ."

ಬಂದಾಗ ಅವನನ್ನು ನೀನು ಎಂದು ಕರೆದಿದ್ದವರು ಈಗ ಬಹುವಚನಕ್ಕೆ ತಿರುಗಿದ್ದರು. ಅದು ಬೈಗುಳಕ್ಕಿಂತ ಜೋರಾಗಿ ಕೆಂಪರಾಜನಿಗೆ ತಟ್ಟಿತು.

ಮಾರನೇ ದಿನ ಬೆಳಿಗ್ಗೆ ಅವನು ಅನಂತರಾಮು ಅವರ ಆಫೀಸಿಗೆ ಹೋಗಿ ನಿಂತುಕೊಂಡೇ ಎಲ್ಲ ಹೇಳಿದ. ಅವರಿಗೆ ಯಾವ ಪೆಂಗ್ವಿನ್, ಯಾವ ಮಾಲು ಎಂದು ನೆನಪಾಗಲು ಸ್ವಲ್ಪ ಹೊತ್ತು ಬೇಕಾಯಿತು. ನೆನಪಾದ ಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು. ಪಾಪ, ಒಳ್ಳೇ ಕೆಲಸಗಾರ ಎಂದರು. ಈಗ ಯಾಕಪ್ಪಾ ಅದೆಲ್ಲ, ಆ ಮನುಷ್ಯನೇ ಇಲ್ಲವಲ್ಲ ಎಂದರು. ತನ್ನನ್ನು ಕೆಲಸದಿಂದ ತೆಗೆಯುತ್ತಾರೆ ಎಂದುಕೊಂಡು ಹೋಗಿದ್ದ ಅವನಿಗೆ, ತೆಗೆಯದೆ ಇದ್ದದ್ದೇ ಹೆಚ್ಚು ಕಷ್ಟವಾಯಿತು.

ಟೀ ಹೊತ್ತಿನಲ್ಲಿ ಶೆಡ್ಡಿನವರನ್ನೆಲ್ಲ ಸೇರಿಸಿ ಅಲ್ಲೂ ಹೇಳಿದ. ಮೂವತ್ತು ಜನರಲ್ಲಿ ಪಾಷಾ ಅವರನ್ನು ಕಂಡಿದ್ದವರು ನಾಲ್ಕೈದು ಮಂದಿ. ಉಳಿದವರಿಗೆ ಅದು ಯಾರದೋ ಕಥೆ. ಮಾಸ್ಟರಿಗೆ ಇವತ್ತು ಏನಾಗಿದೆ ಎಂದು ಮುಖ ಮುಖ ನೋಡಿಕೊಂಡು ಲೋಟ ತೊಳೆಯಲು ಎದ್ದರು. ಸಾಬಮ್ಮ ಮಾತ್ರ ಕೂತಲ್ಲೇ ಕೂತಿದ್ದಳು.

"ನಾನರ ಹೇಳಬೇಕಿತ್ರಿ ಅಣ್ಣಾ" ಅಂದಳು. "ಎದ್ರಿಗೇ ನಿಂತಿದ್ದೆ. ಕೆಲ್ಸ ಹೋದ್ರ ಕೂಸಿಗಿ ಏನ್ ಹಾಕ್ಲಿ ಅಂತ ಸುಮ್ಮನಾದೆ."

ನಿನ್ನ ತಪ್ಪಿಲ್ಲ ಎಂದು ಅವನು ಹೇಳಿದ. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದುಹೋದಳು.

ಮನೆಯಲ್ಲೂ ಹೇಳಬೇಕಾಯಿತು. ಮುನಿರತ್ನ ಕೇಳಿ ಎರಡು ದಿನ ಅವನ ಜೊತೆ ಮಾತಾಡಲಿಲ್ಲ. ಆಂಜನಮ್ಮ ಕೇಳಿದ್ದು ಒಂದೇ, ಆ ತಾಯಿ ಈಗ ಒಬ್ಬಳೇ ಇದಾಳೇನೋ ಎಂದು.

ಆ ಶನಿವಾರ ಅವನು ಮತ್ತೆ ಶಿವಾಜಿನಗರಕ್ಕೆ ಹೋದ. ಖೈರುನ್ನೀಸಾ ಬಾಗಿಲಲ್ಲೇ ನಿಂತು, ಯಾರಿಗೆ ಹೇಳಿದಿರಿ, ಅವರೇನಂದರು ಎಂದು ಎಲ್ಲ ಕೇಳಿಸಿಕೊಂಡರು. ಯಾರೂ ದೊಡ್ಡದಾಗಿ ಏನೂ ಅನ್ನಲಿಲ್ಲ ಎಂದು ಅವನು ಇದ್ದದ್ದನ್ನೇ ಹೇಳಿದ. ಆ ತುಂಡುಗಳಲ್ಲಿ ಒಂದಾದರೂ ಕೊಡುತ್ತೀರಾ ಎಂದು ಕೇಳಿದ.

"ತಪ್ಪು ಸಿಗ್ಲಿ ಅಂತ ಇಟ್ಕೊಂಡಿದ್ದೆ. ಸಿಕ್ತಲ್ಲ, ಹಳೇ ಬಟ್ಟೆಯವ್ನಿಗೆ ಹಾಕ್ಬಿಟ್ಟೆ" ಎಂದರು. ಆಮೇಲೆ, "ಇನ್ಮೇಲೆ ಬರ್ಬೇಡಿ" ಎಂದು ಬಾಗಿಲು ಮುಂದೆ ಮಾಡಿಕೊಂಡರು.

ಎರಡು ಸಾವಿರದ ಆರರಲ್ಲಿ ಅನಂತರಾಮು ತಾನಾಗಿ ತಿರುಗುವ ದೊಡ್ಡ ಯಂತ್ರ ತರಿಸಿದರು. ಅದರಲ್ಲಿ ಕರಿ ಬಿದ್ದ ತಕ್ಷಣ ಬಿಸಿ ದೀಪವೇ ಬಂದು ಒಣಗಿಸುತ್ತದೆ. ಕರಿ ಏಳುವ ಮಾತೇ ಇಲ್ಲ. ಒರೆಸುವ ಬಟ್ಟೆ, ಹತ್ತರ ಎಣಿಕೆ, ಹಗುರಾದ ಒಂದೇ ಎಳೆತ ಯಾವುದೂ ಯಾರಿಗೂ ಬೇಕಾಗಲಿಲ್ಲ. ಅದನ್ನೆಲ್ಲ ಕಂಡುಹಿಡಿದವರು ಅಹ್ಮದ್ ಪಾಷಾ ಎಂದು ಕೆಂಪರಾಜ ಹೊಸಬರಿಗೆ ಹೇಳಿದರೆ, ಅವರು ಹೂಂ ಅಂದು ಅಂಗಿ ಜೋಡಿಸುತ್ತಿದ್ದರು. ಎರಡು ವರ್ಷ ಅವನೂ ಯಂತ್ರಕ್ಕೆ ಅಂಗಿ ಹಾಕುವ ಕೆಲಸ ಮಾಡಿ, ಎರಡು ಸಾವಿರದ ಎಂಟರಲ್ಲಿ ಬಿಟ್ಟ. ಬಾಣಸವಾಡಿಯಲ್ಲಿ ಶಾಲೆಯ ಪಕ್ಕ ಜೆರಾಕ್ಸ್ ಅಂಗಡಿ ಇಟ್ಟುಕೊಂಡ.

ಕಾಗದ ತರಲು ವಾರಕ್ಕೊಮ್ಮೆ ಅವನು ಶಿವಾಜಿನಗರಕ್ಕೆ ಹೋಗಬೇಕು. ಬಸ್ಸು ಇಳಿದು, ಆ ಗಲ್ಲಿಯ ಬಾಯಿ ತಪ್ಪಿಸಿ, ಮಾರ್ಕೆಟ್ಟಿನ ಕಡೆಯಿಂದ ಸುತ್ತಿಕೊಂಡು ನಡೆಯುತ್ತಾನೆ. ಬರಬೇಡಿ ಎಂದು ಆಕೆ ಹೇಳಿದ್ದಾರೆ. ಆ ಮನೆಯವರಿಗಾಗಿ ಅವನು ನಡೆಸಿಕೊಡಬಹುದಾದ ಮಾತು ಅಂತ ಉಳಿದಿದ್ದು ಅದೊಂದೇ.